ಸಹಸ್ರಪದಿ: ಹೆದರಬೇಡಿ, ಗುರುತಿಸಿ

ಮುಂಗಾರು ಮಳೆ ಬಿದ್ದೊಡನೆ ಗೊಬ್ಬರದ ಗುಂಡಿಯಿಂದಲೂ ತೋಟದ ತರಗೆಲೆಯಡಿಯಿಂದಲೂ ಸಹಸ್ರಪದಿಗಳು ಹೊರಬರುತ್ತವೆ. ಕೆಲವೆಡೆ ಇವನ್ನು ಚೋರಟೆ, ರೈಲುಹುಳು ಎಂದೂ ಕರೆಯುವರು. ವಿಷದ ಹುಳುವೆಂದು ಕಂಡಲ್ಲೇ ಔಷಧಿ ಸಿಂಪಡಿಸುವವರುಂಟು. ಅದು ದಂಡದ ಖರ್ಚು.

ಜರಿಯ ಮೈ ಚಪ್ಪಟೆ. ಮೈಯ ಒಂದೊಂದು ಉಂಗುರಕ್ಕೆ ಒಂದೇ ಜೊತೆ ಕಾಲು. ಬೇಗ ಓಡುತ್ತದೆ, ಕಚ್ಚುತ್ತದೆ. ಸಹಸ್ರಪದಿಯ ಹೆಚ್ಚಿನ ಉಂಗುರಗಳಿಗೆ ಎರಡೆರಡು ಜೊತೆ ಕಾಲು, ನಡೆ ನಿಧಾನ. ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವುದು ಆತ್ಮರಕ್ಷಣೆಗಾಗಿ. ಆಗ ಹಲವು ಜಾತಿಗಳ ಮೈಯಿಂದ ಕಟುವಾದ ರಸ ಒಸರುತ್ತದೆ. ಅದು ಚರ್ಮಕ್ಕೆ ಕಲೆ ಮಾಡೀತು, ಕಣ್ಣಿಗೆ ಅಪಾಯ. ಹುಳುವನ್ನು ಹಿಡಿದು ಆಡಿದ ಮಕ್ಕಳ ಕೈಯನ್ನು ಸೋಪು ಹಚ್ಚಿ ತೊಳೆಸಿರಿ. ರಸ ಕಣ್ಣಿಗೆ ತಗುಲಿದರೆ ಧಾರಾಳವಾಗಿ ಶುದ್ಧ ನೀರಿನಿಂದ ತೊಳೆದು, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಒಣಹವೆ ಇದಕ್ಕೆ ಆಗದು. ಹಗಲು ಅಡಗಿದ್ದು ರಾತ್ರಿ ಮೇಯುತ್ತದೆ. ಪೊರೆ ಕಳಚುವಾಗ ಮಣ್ಣಿನೊಳಗೆ ಅಲುಗಾಡದೆ ಇರುತ್ತದೆ. ಕೊಳೆತ ಎಲೆಯೇ ಮುಖ್ಯ ಆಹಾರ. ಅದನ್ನು ಪುಡಿಮಾಡಿ, ಗೊಬ್ಬರವಾಗಲು ನೆರವಾಗುತ್ತದೆ.

ಕೆಲವೊಮ್ಮೆ ಎಳೆಯ ಸಸಿ, ಗೆಡ್ಡೆಗಳನ್ನು ಕಡಿಯುವುದೂ ಉಂಟು. ಹಾಗಾದರೆ ಸಸಿಮಡಿಯ ಸುತ್ತಲಿನ ತರಗು ತೆಗೆಯಿರಿ. ನೀರನ್ನು ಸಂಜೆಗೆ ಬದಲು ಬೆಳಿಗ್ಗೆ ಬಿಡಿರಿ. ರಾತ್ರಿಯೊಳಗೆ ಮೇಲ್ಮಣ್ಣು ಆರಿದರೆ ಹಾವಳಿ ತಗ್ಗುವುದು. ಕಂಡ ಹುಳುಗಳನ್ನು ಸಲಿಕೆಯಿಂದೆತ್ತಿ ದೂರದ ಗೊಬ್ಬರದ ಗುಂಡಿಗೆ ಹಾಕಿರಿ. ಅಲ್ಲಿ ಅದು ಕೂಲಿ ಕೇಳದ ಆಳು.