ಪೆಟ್ಟಿಗೆಯಲ್ಲಿ ಬರುವ ದ್ರಾಕ್ಷಾಮದ್ಯ

ಮೈಸೂರಿನ ಸರಸ್ವತೀಪುರದ ಗೃಹಸ್ಥರೊಬ್ಬರು ಬರೆದ ಕಾಗದವೊಂದು ನಮ್ಮ ಮೇಜಿನ ಮೇಲಿದೆ. ಅವರ ಕುಮಾರನು ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಉದ್ಯೋಗದಲ್ಲಿರುವನು. ಮನೆಯಲ್ಲಿಯೇ ವೈನ್ ತಯಾರಿಸಲು ಬೇಕಾದ ಪದಾರ್ಥಗಳನ್ನು ಆ ದೇಶದಲ್ಲಿ ಒಂದು ಪೆಟ್ಟಿಗೆಯೊಳಗೆ ಅಳವಡಿಸಿ ‘ಕಿಟ್’ ಎಂಬ ಹೆಸರಿನಿಂದ ಮಾರುತ್ತಾರೆ. ರಜೆಗೆ ಬರುವಾಗ ಅಂಥದೊಂದನ್ನು ತರುವೆನೆಂದು ಮಗನು ಹೇಳಿದ್ದಾನಂತೆ. ತಂದೆಯವರಿಗೆ ಸಿಹಿಯಾದ ವೈನ್ ಸೇರದು. ಒಗರೂ ಗಟ್ಟಿತನವೂ ಉಳ್ಳ, ಸಕ್ಕರೆಯ ಸುಳಿವಿಲ್ಲದ ಕೆಂಪು ವೈನೇ ಆಗಬೇಕು. ಮನೆಯಾಕೆಗಾದರೋ ಈ ಉದ್ಯಮವೇ ಒಪ್ಪಿಗೆಯಿಲ್ಲ. “ಯಾವ ಕಿಟ್ಟನ್ನು ತರಿಸಲಿ? ನಮ್ಮಿಬ್ಬರಲ್ಲಿ ಯಾರ ಮಾತು ಸರಿ?” ಎಂದು ಕೇಳಿದ್ದಾರೆ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುವೆವು. ಮೈಸೂರಿನ ಮಟ್ಟಿಗೆ ಆ ತಾಯಿಯವರ ಮಾತೇ ಸರಿ. 1965ರ ಕರ್ನಾಟಕ ಅಬಕಾರಿ ಅಧಿನಿಯಮವು ಮದ್ಯದ ಮಾರಾಟವನ್ನು ಮಾತ್ರವಲ್ಲದೆ ತಯಾರಿಕೆಯನ್ನೂ ಪರವಾನಗಿಗೆ ಒಳಪಡಿಸಿದೆ. ಕ್ರಿಸ್‌ಮಸ್ ಹಬ್ಬಕ್ಕೆಂದು ಕ್ರೈಸ್ತ ಕುಟುಂಬಗಳಲ್ಲಿ ಭರಣಿಗಳಲ್ಲಿ ದ್ರಾಕ್ಷಿಯನ್ನು ಹುದುಗಿಸಿಡುವ ಪದ್ಧತಿ ಬಹು ಕಾಲದಿಂದ ಇರುವುದನ್ನು ನಾವು ಬಲ್ಲೆವು. ಪದ್ಧತಿಯಿದೆಯೆಂದ ಮಾತ್ರಕ್ಕೆ ಪರವಾನಗಿ ಇದ್ದಂತಾಗದು. ಜಿಲ್ಲೆಯ ಅಬಕಾರಿ ಕಚೇರಿಯಲ್ಲಿ ವಿಚಾರಿಸದೆ ಇಂಥ ಪೆಟ್ಟಿಗೆಯನ್ನು ಇಲ್ಲಿ ಬಿಚ್ಚುವುದು ಗೃಹಸ್ಥನಿಗೆ ತಕ್ಕುದಲ್ಲ. ಕೆನಡಾದಲ್ಲಿ ಸ್ವಂತ ಬಳಕೆಗೆ ತಯಾರಿಸಿಕೊಳ್ಳಲು ಅಡ್ಡಿಯಿಲ್ಲ. ಆದುದರಿಂದ ಪೆಟ್ಟಿಗೆಯು ಟೊರಾಂಟೊದಲ್ಲಿಯೇ ಇರಲಿ, ಮಗನೇ ತಯಾರಿಸಲಿ. ತಂದೆಯವರು ಆರಿಸುವ ಕೆಲಸವನ್ನು ಮಾತ್ರ ಇಟ್ಟುಕೊಳ್ಳಬಹುದು.

ಮೊದಲು ಹುದುಗುವಿಕೆಯ ಸಂಗತಿ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ದ್ರಾಕ್ಷಿಯ ಸಕ್ಕರೆಯನ್ನು ಉಂಡು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಹೊರಗೆಡಹುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ನೂರಕ್ಕೆ ಒಂದು ಪಾಲು ಮದ್ಯಸಾರ. ನೂರಕ್ಕೆ 13 ಪಾಲಿನ ಗಟ್ಟಿ ವೈನ್ ಬೇಕಾದರೆ ಲೀಟರಿಗೆ 220 ಗ್ರಾಮಿನಷ್ಟು ಸಕ್ಕರೆಯುಳ್ಳ ರಸ ಬೇಕು; ಅದೆಲ್ಲವೂ ತೀರಿದಾಗಲೇ ವೈನ್ ‘ಡ್ರೈ’ ಎನಿಸುವುದು. ನಮ್ಮ ವೈದ್ಯರ ದ್ರಾಕ್ಷಾಸವವೂ ಇದೇ ಕುಲದ್ದು. ಧಾತಕೀ ಪುಷ್ಪವನ್ನು ಹಾಕಿ ಹುದುಗಿಸುತ್ತಾರೆ. ಆದರೆ ಅದರಲ್ಲಿ ಸಿಹಿ ಉಳಿದಿರುತ್ತದೆ.

ಆ ವಾಯುವಿನ ಬಲವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಒಂದು ಬೇಸಗೆಯಲ್ಲಿ ದೇವರಾಜ ಮಾರುಕಟ್ಟೆಯಿಂದ ನೀಲಿ ದ್ರಾಕ್ಷಿಯನ್ನು ತಂದು, ಮಕ್ಕಳ ಪಾನಕಕ್ಕೆಂದು ರಸ ಹಿಂಡಿ, ಕುದಿಸದೆ ಬಾಟಲಿಗೆ ತುಂಬಿ ಬಿಗಿಯಾಗಿ ಬಿರಡೆ ಹಾಕಿ ಉಗ್ರಾಣದಲ್ಲಿಟ್ಟು ಮರೆತೆವು. ಕೆಲವು ದಿನಗಳ ಮೇಲೆ ನಡುರಾತ್ರಿ ಗುಂಡು ಹಾರಿದಂತಾಯಿತು. ದೀಪ ಹಾಕಿ ನೋಡಿದರೆ ಗಾಜು ಅಕ್ಕಿಯ ಮೂಟೆಯವರೆಗೆ ಸಿಡಿದಿತ್ತು. ಆ ಅಕ್ಕಿಯನ್ನು ಉಣ್ಣಲು ಯಾರಿಗೂ ಧೈರ್ಯವಾಗಲಿಲ್ಲ. ಕಿಟ್ಟಿನೊಡನೆ ಬರುವ ‘ಏರ್‌ಲಾಕ್’ ಎಂಬ ನೀರು ತುಂಬಿದ ಪುಟ್ಟ ಕೊಳವೆಯು ಒಳಗಿನ ವಾಯುವನ್ನು ಹೊರಕ್ಕೆ ಬಿಟ್ಟು ಹೊರಗಿನ ಗಾಳಿಯನ್ನು ತಡೆಯುತ್ತದೆ. ಇದನ್ನು ಆಟದ ಸಾಮಾನೆಂದು ಎಣಿಸಬಾರದು.

ಆ ನೀಲಿ ದ್ರಾಕ್ಷಿಯಿಂದಲೇ ಏಕೆ ಆಗದೆಂದು ಕೆಲವರು ಕೇಳಬಹುದು. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರಗಳಲ್ಲಿ ಬೆಳೆಯುವ ‘ಬೆಂಗಳೂರು ಬ್ಲೂ’ ತಳಿಗೆ ಹುಳಿ ಹೆಚ್ಚು, ಅದರದೇ ಒಂದು ತೀಕ್ಷ್ಣವಾದ ಪರಿಮಳವೂ ಉಂಟು. ರಸಕ್ಕೂ ಸಿಹಿ ವೈನಿಗೂ ಅದು ಸೊಗಸು. ತಂದೆಯವರು ಬಯಸುವ ಗಾಂಭೀರ್ಯ ಅದರಲ್ಲಿ ಬಾರದು. ಅದಕ್ಕೆ ಕ್ಯಾಬರ್ನೆ ಸೊವಿನ್ಯಾನ್, ಶಿರಾಜ್ ಮೊದಲಾದ ತಳಿಗಳು ಬೇಕು.

ಇನ್ನು ಆಯ್ಕೆ. ಸಾಮಾನ್ಯವಾಗಿ ಒಂದು ಕಿಟ್ಟಿನಿಂದ 23 ಲೀಟರು, ಎಂದರೆ ಸುಮಾರು 30 ಬಾಟಲಿ ವೈನ್ ಆಗುತ್ತದೆ. ಮುಚ್ಚಳದ ಮೇಲಿನ ಚಿತ್ರಕ್ಕೆ ಮರುಳಾಗದೆ, ಒಳಗೆ ರಸವೆಷ್ಟು, ನಾವು ಬೆರೆಸಬೇಕಾದ ನೀರೆಷ್ಟು ಎಂಬುದನ್ನು ಮೊದಲು ಓದಬೇಕು. ಕಡಮೆ ಬೆಲೆಯವುಗಳಲ್ಲಿ ರಸ ಸ್ವಲ್ಪ, ನೀರೇ ಬಹಳ. ಇಂಥದರಿಂದ ಬೇಗನೆ ಕುಡಿದು ಮುಗಿಸುವ ತೆಳುವಾದ ವೈನ್ ಆದೀತು. ನೀರು ಬೆರೆಸಿದ ಹಾಲಿನಿಂದ ಕೆನೆ ತೆಗೆದವರಾರು? ಎರಡನೆಯದಾಗಿ, ದ್ರಾಕ್ಷಿಯ ಸಿಪ್ಪೆಯ ಪೊಟ್ಟಣ ಬೇರೆ ಇದೆಯೆ ಎಂದು ನೋಡಬೇಕು. ಬಣ್ಣವೂ ಒಗರೂ ಬಹುಪಾಲು ಸಿಪ್ಪೆಯಿಂದಲೇ ಬರುವುದರಿಂದ, ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಹಣ ಕೊಡಲು ಇದೊಂದೇ ಸಾಕಾದ ಕಾರಣ. ಓಕ್ ಮರದ ಚಕ್ಕೆಗಳಿದ್ದರೆ ಒಳ್ಳೆಯದೇ. ಅತಿಯಾದರೆ ಮಾತ್ರ ಬಡಗಿಯ ಅಂಗಡಿಯ ವಾಸನೆ. ಕೊನೆಯಲ್ಲಿ ಬೆರೆಸಲು ಸಿಹಿರಸದ ಪೊಟ್ಟಣ ಕೊಟ್ಟಿರುವ ಕಿಟ್ಟನ್ನು ಈ ಗೃಹಸ್ಥರು ಮುಟ್ಟಲೇಬಾರದು.

ಪಾತ್ರೆಗಳನ್ನು ಕೊಳ್ಳುವಾಗ ಹೈಡ್ರೋಮೀಟರನ್ನು ಬಿಡಬಾರದು. ಇದು ಹಾಲನ್ನು ಪರೀಕ್ಷಿಸುವ ಲ್ಯಾಕ್ಟೋಮೀಟರಿನ ಸೋದರ. ಮೊದಲ ದಿನ 1.090ರ ಆಸುಪಾಸಿನಲ್ಲಿ ತೇಲುವ ಈ ಗಾಜಿನ ಕಡ್ಡಿಯು ಸಕ್ಕರೆ ತೀರಿದಂತೆ ಇಳಿದು 0.995ರ ಸಮೀಪಕ್ಕೆ ಬಂದು, ಕೆಲವು ದಿನ ಕದಲದೆ ನಿಲ್ಲಬೇಕು. ಗುಳ್ಳೆ ನಿಂತಿತೆಂದು ಬಾಟಲಿಗೆ ತುಂಬಿದವರಿಗೆ ನಮ್ಮ ಉಗ್ರಾಣದ ಗತಿಯೇ. ಪಾತ್ರೆ, ಕೊಳವೆ, ಸೌಟುಗಳೆಲ್ಲವನ್ನೂ ತೊಳೆದು ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿಯೇ ಬಳಸಬೇಕು. ಉಪ್ಪಿನಕಾಯಿಯ ಜಾಡಿಗೆ ಒದ್ದೆ ಕೈ ಹಾಕಗೊಡದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕರಿಂದ ಎಂಟು ವಾರಗಳಲ್ಲಿ ಸಿದ್ಧವೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಬಾಟಲಿಗೆ ತುಂಬಲು ಸಿದ್ಧವೆಂದೇ ಅದರ ಅರ್ಥ. ಒಗರಾದ ಕೆಂಪು ವೈನ್ ಆಗ ನಾಲಗೆಯನ್ನು ಎಳೆಯ ನೇರಳೆಕಾಯಿಯಂತೆ ಹಿಡಿಯುತ್ತದೆ. ಅದು ಮೆದುವಾಗಲು ಆರು ತಿಂಗಳಾದರೂ ಬೇಕು, ವರ್ಷವಾದರೆ ಮತ್ತೂ ಲೇಸು.

ಅಷ್ಟರವರೆಗೆ ತಂದೆಯವರು ಬರಿಗೈಯಲ್ಲಿ ಕುಳಿತಿರಬೇಕಾಗಿಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಸಂಸ್ಥೆಯವರು 1988ರಲ್ಲಿ ಫ್ರಾನ್ಸಿನ ತಳಿಗಳಿಂದ ಆರಂಭಿಸಿದ ಉದ್ಯಮವೂ, 2007ರಲ್ಲಿ ಸರ್ಕಾರ ತಂದ ವೈನ್ ನೀತಿಯೂ ಸೇರಿ, ಡ್ರೈ ಕೆಂಪು ವೈನ್ ನಮ್ಮ ರಾಜ್ಯದಲ್ಲಿಯೇ ದೊರೆಯುವಂತಾಗಿದೆ. ಕ್ಯಾಬರ್ನೆಯದೊಂದು, ಶಿರಾಜಿನದೊಂದು ಬಾಟಲಿಯನ್ನು ಪರವಾನಗಿಯುಳ್ಳ ಅಂಗಡಿಯಿಂದ ತಂದು, ಊಟದೊಡನೆ ಸ್ವಲ್ಪ ಸ್ವಲ್ಪವೇ ಹೋಲಿಸಿ ನೋಡಿ, ತಮಗೆ ಯಾವುದು ಹಿತವೆಂಬುದನ್ನು ಮಗನಿಗೆ ತಿಳಿಸಲಿ. ಆತನು ಅದೇ ತಳಿಯ, ಸಿಪ್ಪೆಯ ಪೊಟ್ಟಣವುಳ್ಳ ಕಿಟ್ಟನ್ನು ಕೊಂಡು, ಬಾಟಲಿಗಳ ಮೇಲೆ ತಾರೀಖು ಬರೆದಿಡಲಿ. ಮನೆಯಾಕೆಯನ್ನೂ ಕರೆದುಕೊಂಡು ಟೊರಾಂಟೊಗೆ ಹೋಗುವ ಪ್ರಯಾಣವನ್ನು ಆ ತಾರೀಖಿನಿಂದ ಆರು ತಿಂಗಳಾದ ಮೇಲೆ ಇಟ್ಟುಕೊಳ್ಳಬಹುದು.