ಒಂದೇ ಗುಡ್ಡ, ಎರಡು ನದಿ: ಮಕ್ಕಳೊಂದಿಗೆ ಅನಂತಗಿರಿಗೆ

ಹೈದರಾಬಾದ್: ಭಾನುವಾರ ಬಂತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆ ನಗರದ ಪ್ರತಿ ಮನೆಯಲ್ಲೂ ಏಳುತ್ತದೆ. ಮೃಗಾಲಯ, ಟ್ಯಾಂಕ್‌ಬಂಡ್, ಮಾಲ್‌ಗಳ ಸುತ್ತಾಟ ಮುಗಿದ ಮೇಲೆ ಅನಂತಗಿರಿಯ ಹೆಸರು ಬರುತ್ತದೆ. ನಗರದಿಂದ ಸುಮಾರು 80 ಕಿ.ಮೀ., ವಿಕಾರಾಬಾದ್ ಪಟ್ಟಣದಿಂದ ಐದಾರು ಕಿ.ಮೀ. ದೂರದ ಈ ಕಾಡುಗುಡ್ಡಕ್ಕೆ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು. ಕನ್ನಡಿಗರಿಗೆ ಈ ಗುಡ್ಡ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ರೈಲಿನಲ್ಲಿ ಕಲಬುರಗಿಗೆ, ಬೀದರ್‌ಗೆ ನೂರು ಸಲ ವಿಕಾರಾಬಾದ್ ದಾಟಿದವರೂ ಅದನ್ನು ಗಮನಿಸಿರಲಿಕ್ಕಿಲ್ಲ.

ಈ ಗುಡ್ಡಸಾಲಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಪೂರ್ವಕ್ಕೆ ಇಳಿಯುವುದು ಮೂಸಿ. ಗಂಡಿಪೇಟೆಯ ಉಸ್ಮಾನ್‌ಸಾಗರ ತುಂಬಿ, ಹೈದರಾಬಾದಿನ ನಡುವೆ ಹರಿದು ಮುಂದೆ ಸಾಗುತ್ತದೆ. ಪಶ್ಚಿಮಕ್ಕೆ ಇಳಿಯುವುದು ಕಾಗಿಣಾ. ತೆಲುಗಿನವರು ಕಾಗ್ನಾ ಎನ್ನುತ್ತಾರೆ. ತಾಂಡೂರಿನ ಬಳಿ ಹಾದು, ಗಡಿ ದಾಟಿ, ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯ ಪಕ್ಕ ಹರಿದು ಭೀಮೆಯನ್ನು ಸೇರುತ್ತದೆ. ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ, ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳಿದ ರಾಜಧಾನಿ. ಕನ್ನಡದಲ್ಲಿ ಉಳಿದು ಬಂದಿರುವ ಅತಿ ಹಳೆಯ ಗ್ರಂಥ 'ಕವಿರಾಜಮಾರ್ಗ' ರಚನೆಯಾದದ್ದು ಅವನ ಆಸ್ಥಾನದಲ್ಲಿ. ಕಾಚಿಗುಡದ ನೃಪತುಂಗ ಶಾಲೆಯ ಹೆಸರು ಕೇಳುತ್ತ ಬೆಳೆದ ಮಕ್ಕಳಿಗೆ ಆ ರಾಜನ ಊರಿನ ಹೊಳೆ ತಮ್ಮ ಮನೆಯಿಂದ ಎರಡು ತಾಸಿನ ದಾರಿಯಲ್ಲಿ ಹುಟ್ಟುತ್ತದೆ ಎಂದರೆ ಬೆರಗಾಗದೆ ಇರದು.

ನಗರದ ಮಕ್ಕಳಿಗೆ ಮೂಸಿ ಎಂದರೆ ಚಾದರಘಾಟ್ ಸೇತುವೆಯ ಮೇಲೆ ಬಸ್ಸಿನಲ್ಲಿ ಮೂಗು ಮುಚ್ಚಿಕೊಳ್ಳುವುದು, ಅಷ್ಟೆ. ಅದೂ ಒಂದು ನದಿ, ಕಾಡಿನಿಂದ ಬರುವ ನದಿ ಎಂದು ಪುಸ್ತಕ ತೋರಿಸಿ ಹೇಳಿದರೆ ನಂಬುವುದು ಕಷ್ಟ. ಅನಂತಪದ್ಮನಾಭ ಸ್ವಾಮಿ ದೇವಸ್ಥಾನದ ಕೆಳಗೆ, ಮೂಸಿಯ ಮೂಲವೆಂದು ಭಕ್ತರು ನಂಬುವ ಕೊಳದ ಬಳಿ ನಿಲ್ಲಿಸಿ ತೋರಿಸಿದರೆ ಬೇರೆ ಮಾತು. ಗುಡ್ಡದ ಈ ಮಗ್ಗುಲಿಗೆ ಬಿದ್ದ ಮಳೆ ನಮ್ಮ ಮನೆಯ ಕಡೆಗೆ, ಆ ಮಗ್ಗುಲಿಗೆ ಬಿದ್ದದ್ದು ಅಜ್ಜನ ಊರಿನ ಕಡೆಗೆ ಎಂದು ಸೇಡಂ, ಚಿತ್ತಾಪುರದ ಮೂಲದವರು ಹೇಳಬಹುದು. ಹೀಗೆ ಬೇರೆಯಾದ ನೀರು ಮತ್ತೆ ಸೇರುತ್ತದೆ ಎಂಬುದು ಮಕ್ಕಳಿಗೆ ಇನ್ನೂ ಇಷ್ಟವಾದೀತು. ಕಾಗಿಣಾ ಭೀಮೆಗೆ, ಭೀಮೆ ರಾಯಚೂರಿನ ಬಳಿ ಕೃಷ್ಣೆಗೆ. ಮೂಸಿಯೂ ಸುಮಾರು 240 ಕಿ.ಮೀ. ಹರಿದು ನಲ್ಲಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಅದೇ ಕೃಷ್ಣೆಯನ್ನು ಕೂಡುತ್ತದೆ.

ಮೂಸಿಯ ಕಥೆಯಲ್ಲಿ ಕನ್ನಡಿಗರೊಬ್ಬರ ಪಾತ್ರವೂ ಇದೆ. 1908ರ ಸೆಪ್ಟೆಂಬರ್ 28ರಂದು ಈ ನದಿ ಉಕ್ಕಿ ಸಾವಿರಾರು ಜನ ಸತ್ತರು. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರವೊಂದನ್ನು ಏರಿ ನೂರೈವತ್ತು ಜನ ಬದುಕಿದರೆಂದು ಹೇಳುತ್ತಾರೆ. ಮರುವರ್ಷ ನಿಜಾಮರು ಕರೆಸಿಕೊಂಡದ್ದು ಎಂ. ವಿಶ್ವೇಶ್ವರಯ್ಯ ಅವರನ್ನು. ಅವರ ಸಲಹೆಯಂತೆ ಮೇಲ್ಭಾಗದಲ್ಲಿ ಜಲಾಶಯಗಳು ಎದ್ದವು. 1920ರಲ್ಲಿ ಉಸ್ಮಾನ್‌ಸಾಗರ, 1927ರಲ್ಲಿ ಹಿಮಾಯತ್‌ಸಾಗರ. ಕೆ.ಆರ್.ಎಸ್. ನೋಡಲು ಮೈಸೂರಿಗೇ ಹೋಗಬೇಕೆಂದಿಲ್ಲ. ಗಂಡಿಪೇಟೆಯ ಕಟ್ಟೆಯ ಮುಂದೆ ನಿಂತೂ ಸರ್ ಎಂ.ವಿ. ಅವರ ಕಥೆ ಹೇಳಬಹುದು.

ಹೋಗಲು ಒಳ್ಳೆಯ ಕಾಲ ಮಳೆ ಹಿಡಿದ ಮೇಲಿನಿಂದ ಸಂಕ್ರಾಂತಿಯವರೆಗೆ. ಬೇಸಿಗೆಯಲ್ಲಿ ತೇಗದ ಎಲೆ ಉದುರಿ ಗುಡ್ಡ ಬೋಳಾಗಿರುತ್ತದೆ, ಹಳ್ಳಗಳು ಬತ್ತಿರುತ್ತವೆ. ಮಳೆ ನಿಂತ ಮೇಲೆ ಸೀತಾಫಲದ ಕಾಲ. ಚಳಿಗಾಲ ಕಳೆಯುತ್ತಲೇ ಮುತ್ತುಗ ಕೆಂಪಗೆ ಅರಳುತ್ತದೆ. ಕಲಬುರಗಿ, ಬೀದರ್ ಕಡೆಯವರಿಗೆ ಎಳ್ಳಮಾವಾಸ್ಯೆ ನೆನಪಿದ್ದೇ ಇದೆ. ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುವ ಹಬ್ಬ ಅದು. ಊರಿನ ಹೊಲಕ್ಕೆ ಹೋಗಲಾಗದ ವರ್ಷ ಅದೇ ಬುತ್ತಿಯನ್ನು ಅನಂತಗಿರಿಯ ಮರದ ಕೆಳಗೆ ಬಿಚ್ಚಬಹುದು. ಮಂಗಗಳ ಕಾಟ ಮಾತ್ರ ಬಹಳ. ರೊಟ್ಟಿಯ ಗಂಟನ್ನು ಮಕ್ಕಳ ಕೈಯಲ್ಲಿ ಕೊಡದಿರುವುದು ಕ್ಷೇಮ.

ನೀರಿನ ವಿಷಯದಲ್ಲಿ ಎಚ್ಚರ ಬೇಕೇಬೇಕು. ವಿಕಾರಾಬಾದ್ ಸೀಮೆಯ ಕೋಟಪಲ್ಲಿ ಜಲಾಶಯದಲ್ಲಿ 2023ರ ಜನವರಿಯಲ್ಲಿ, ಸಂಕ್ರಾಂತಿ ರಜೆಗೆಂದು ಹೋಗಿ ನೀರಿಗಿಳಿದ ನಾಲ್ವರು ಮುಳುಗಿ ತೀರಿಕೊಂಡರು. ಕೆರೆ, ಜಲಾಶಯಗಳ ಆಳ ಮೇಲಿನಿಂದ ತಿಳಿಯುವುದಿಲ್ಲ. ಈಜು ಬರುವ ದೊಡ್ಡವರೊಬ್ಬರು ದಡದಲ್ಲಿ ಇಲ್ಲದಿದ್ದರೆ ಮಕ್ಕಳನ್ನು ಮೊಣಕಾಲು ನೀರಿಗೂ ಬಿಡಬಾರದು. ಮಳೆಗಾಲದಲ್ಲಿ ಹಳ್ಳ ಏಕಾಏಕಿ ಏರುವುದೂ ಉಂಟು.

ರಸ್ತೆಯ ಬಗ್ಗೆಯೂ ಒಂದು ಮಾತು. ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಚೇವೆಳ್ಳ ದಾಟಿ ಮನ್ನೆಗೂಡದವರೆಗೆ ಎರಡೂ ಬದಿ ನೂರಾರು ಆಲದಮರಗಳು. ದಾರಿಯುದ್ದಕ್ಕೂ ನೆರಳೇ ನೆರಳು. ಆದರೆ ರಸ್ತೆ ಕಿರಿದು, ಲಾರಿಗಳ ಓಡಾಟ ವಿಪರೀತ. ಅಗಲ ಮಾಡಬೇಕೋ, ಮರ ಉಳಿಸಬೇಕೋ ಎಂಬ ವ್ಯಾಜ್ಯ ಹಸಿರು ನ್ಯಾಯಾಧಿಕರಣದಲ್ಲಿ ವರ್ಷಗಟ್ಟಲೆ ನಡೆಯಿತು. 2025ರ ನವೆಂಬರ್ 3ರ ಬೆಳಿಗ್ಗೆ ಚೇವೆಳ್ಳ ಬಳಿ ತಾಂಡೂರಿನಿಂದ ಬರುತ್ತಿದ್ದ ಬಸ್ಸಿಗೆ ಜಲ್ಲಿ ತುಂಬಿದ ಟಿಪ್ಪರ್ ಗುದ್ದಿ 19 ಮಂದಿ ಅಸುನೀಗಿದರು. ಕಾರಿನಲ್ಲಿ ಹೋಗುವವರು ಬೆಳಕಿರುವಾಗಲೇ ಹಿಂತಿರುಗುವುದು ಒಳ್ಳೆಯದು.

ಕಾಡೂ ಮೊದಲಿನಷ್ಟಿಲ್ಲ. ಇದೇ ಜಿಲ್ಲೆಯ ದಾಮಗುಂಡಂ ಅರಣ್ಯದ ಸುಮಾರು 2,900 ಎಕರೆ ನೌಕಾಪಡೆಯ ರೇಡಿಯೊ ಕೇಂದ್ರಕ್ಕೆ ಹೋಗಿದೆ. 2024ರ ಅಕ್ಟೋಬರ್‌ನಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು. ಮೂಸಿಯ ಮೂಲಕ್ಕೆ ಧಕ್ಕೆಯಾದೀತೆಂದು ಪರಿಸರಪ್ರಿಯರು ವಿರೋಧಿಸಿದ್ದರು. ದೇಶದ ರಕ್ಷಣೆಗೆ ಕೇಂದ್ರ ಬೇಕು, ನಿಜ. ಆದರೂ ಎರಡು ನದಿಗಳ ನೆತ್ತಿಯ ಮೇಲಿನ ಕಾಡು ಕರಗಿದಷ್ಟೂ ಅದರ ಪರಿಣಾಮ ಕೆಳಗಿನ ಹೈದರಾಬಾದಿಗೂ ಸೇಡಂಗೂ ತಟ್ಟೀತು.

ಎಲ್ಲಕ್ಕಿಂತ ನೆಮ್ಮದಿ ರೈಲು. ಸಿಕಂದರಾಬಾದ್-ವಾಡಿ ಮಾರ್ಗ 1874ರಷ್ಟು ಹಳೆಯದು. ವಿಕಾರಾಬಾದಿನಲ್ಲಿ ಇಳಿದರೆ ಗುಡ್ಡಕ್ಕೆ ಆಟೊ ಸಿಗುತ್ತದೆ. ಇನ್ನೊಂದು ರಜೆಯಲ್ಲಿ ಅಲ್ಲಿ ಇಳಿಯದೆ ಅದೇ ಹಳಿಯ ಮೇಲೆ ಮುಂದಕ್ಕೆ ಹೋದರೆ ತಾಂಡೂರು, ಸೇಡಂ, ಆಮೇಲೆ ಮಳಖೇಡ ರೋಡ್ ನಿಲ್ದಾಣ. ಗುಡ್ಡದಲ್ಲಿ ಹಳ್ಳವಾಗಿ ಕಂಡ ನೀರು ಅಲ್ಲಿ ಕೋಟೆಗೋಡೆಯ ಪಕ್ಕ ಹೊಳೆಯಾಗಿ ಹರಿಯುವುದನ್ನು ಮಕ್ಕಳೇ ಗುರುತಿಸಬಹುದು.