ಒಲೆ ಆರಿದ ಮೇಲೂ ಏರುವ ಕಹಿ

ತಿಳಿಸಾರಿಗೆ ಕೊತ್ತಂಬರಿ ಸೊಪ್ಪು ಯಾವಾಗ ಹಾಕಬೇಕು ಎಂದು ಯಾವ ಅಮ್ಮನನ್ನು ಕೇಳಿದರೂ ಉತ್ತರ ಒಂದೇ: ಇಳಿಸುವಾಗ. ಮೊದಲೇ ಹಾಕಿ ಕುದಿಸಿದರೆ ಘಮ ಆವಿಯ ಜೊತೆ ಹೊರಟುಹೋಗುತ್ತದೆ. ಬಿಯರ್ ತಯಾರಿಸುವವರಿಗೂ ಈ ಗುಟ್ಟು ಗೊತ್ತು. ಅವರ ಕೊತ್ತಂಬರಿ ಸೊಪ್ಪಿನ ಹೆಸರು ಹಾಪ್ಸ್. ಅದೊಂದು ಬಳ್ಳಿಯ ಹೂವು. ಆದರೆ ಕೊತ್ತಂಬರಿಗಿಲ್ಲದ ಒಂದು ತಕರಾರು ಹಾಪ್ಸ್‌ಗಿದೆ. ಅದು ಘಮದ ಜೊತೆ ಕಹಿಯನ್ನೂ ಕೊಡುತ್ತದೆ. ಎಷ್ಟು ಕಹಿ ಬರುತ್ತದೆ ಎಂದು ಪಾತ್ರೆ ಒಲೆಗೇರುವ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಹವ್ಯಾಸಿಗಳು ಹೆಚ್ಚಾಗಿ ನಂಬಿರುವ ಸೂತ್ರವೊಂದಿದೆ. ಒಲೆ ಆರಿಸಿದ ಮೇಲೆ ಹಾಕಿದ ಹಾಪ್ಸ್‌ನಿಂದ ಬರುವ ಕಹಿ ಸೊನ್ನೆ ಎಂದು ಅದು ಹೇಳುತ್ತದೆ. ಕುಡಿದವರ ನಾಲಿಗೆ ಅದನ್ನು ಒಪ್ಪುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಯಾರೂ ಇದನ್ನು ಓದಿ ಅಮ್ಮನ ಕುಕ್ಕರ್‌ಗೆ ಕೈ ಹಾಕಬೇಡಿ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ನಂತರ ಮನೆಬಳಕೆಗೆ ಬಿಯರ್ ಮಾಡಿಕೊಳ್ಳುವುದು ದೊಡ್ಡ ಹವ್ಯಾಸವಾಗಿ ಬೆಳೆಯಿತು. ಈ ಕಥೆ ಅಲ್ಲಿನ ಅಡುಗೆಮನೆ, ಗ್ಯಾರೇಜುಗಳದ್ದು. ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ರುಚಿ ಹತ್ತಿದ್ದು ಬಿಯರಿನದಲ್ಲ, ಲೆಕ್ಕದ್ದು.

ಮೊದಲು ಕಹಿ ಎಲ್ಲಿಂದ ಬರುತ್ತದೆ ನೋಡೋಣ. ಹಾಪ್ಸ್ ಹೂವಿನ ಅಂಟಿನಲ್ಲಿ ಆಲ್ಫಾ ಆಮ್ಲಗಳಿರುತ್ತವೆ. ಅವು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹೇಳಿಕೊಳ್ಳುವಂಥ ಕಹಿಯೂ ಅವಕ್ಕಿಲ್ಲ. ಬಾರ್ಲಿ ಮಾಲ್ಟ್‌ನಿಂದ ತೆಗೆದ ಸಿಹಿ ದ್ರವಕ್ಕೆ ವರ್ಟ್ ಎನ್ನುತ್ತಾರೆ. ಅದರಲ್ಲಿ ಕುದಿಸಿದಾಗ ಆಲ್ಫಾ ಆಮ್ಲದ ಆರು ಇಂಗಾಲದ ಉಂಗುರ ಕುಗ್ಗಿ ಐದರ ಉಂಗುರವಾಗುತ್ತದೆ. ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ. ಪಿಯುಸಿಯಲ್ಲಿ ಓದಿದ ಐಸೋಮರ್ ನೆನಪಿದೆಯಲ್ಲ, ಅದೇ. ಈ ಹೊಸ ರೂಪವಾದ ಐಸೋ ಆಲ್ಫಾ ಆಮ್ಲವೇ ಬಿಯರಿನ ಕಹಿ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಹೆಚ್ಚುಕಡಿಮೆ ಒಂದು ಐಬಿಯು. ಕಹಿಯನ್ನು ಅಳೆಯುವ ಅಂತರರಾಷ್ಟ್ರೀಯ ಮಾನ ಅದು.

ಹಾಕಿದ ಆಲ್ಫಾ ಆಮ್ಲವೆಲ್ಲ ಕಹಿಯಾಗುವುದಿಲ್ಲ. ಒಂದಷ್ಟು ಬದಲಾಗದೇ ಉಳಿಯುತ್ತದೆ, ಒಂದಷ್ಟು ಪಾತ್ರೆಯ ತಳದ ಗಸಿಯಲ್ಲಿ ಸೇರುತ್ತದೆ, ಒಂದಷ್ಟು ನೊರೆಗೆ, ಒಂದಷ್ಟು ಯೀಸ್ಟ್‌ಗೆ ಅಂಟಿ ಹೋಗುತ್ತದೆ. ಕೊನೆಗೆ ಲೋಟಕ್ಕೆ ಸೇರುವ ಪಾಲೆಷ್ಟು? 1990ರ ದಶಕದಲ್ಲಿ ಒರೆಗಾನ್‌ನ ಗ್ಲೆನ್ ಟಿನ್ಸೆತ್ ಇದಕ್ಕೊಂದು ಸೂತ್ರ ಕೊಟ್ಟರು. ಅದರಲ್ಲಿ ಎರಡು ಭಾಗ. ಒಂದು ವರ್ಟ್ ಎಷ್ಟು ಗಟ್ಟಿ ಎಂಬುದಕ್ಕೆ. ಸಕ್ಕರೆ ಹೆಚ್ಚಾದಷ್ಟೂ ಸಿಗುವ ಕಹಿ ಕಡಿಮೆ. ಇನ್ನೊಂದು ಕುದಿಸಿದ ಸಮಯಕ್ಕೆ. ಒಂದರಿಂದ ಇ ಘಾತ ಮೈನಸ್ 0.04 ಗುಣಿಸು ನಿಮಿಷ ಕಳೆದು, 4.15ರಿಂದ ಭಾಗಿಸಬೇಕು. ಎರಡನ್ನೂ ಗುಣಿಸಿದರೆ ಪಾಲು ಸಿಕ್ಕಿತು.

ಒಂದು ಲೆಕ್ಕ ಮಾಡೋಣ. 20 ಲೀಟರ್ ವರ್ಟ್, ಸಾಪೇಕ್ಷ ಸಾಂದ್ರತೆ 1.050. ಶೇ 10ರಷ್ಟು ಆಲ್ಫಾ ಆಮ್ಲವಿರುವ 30 ಗ್ರಾಂ ಹಾಪ್ಸ್ ಹಾಕಿ 60 ನಿಮಿಷ ಕುದಿಸಿದೆವು ಎಂದುಕೊಳ್ಳಿ. ಲೀಟರಿಗೆ 150 ಮಿಲಿಗ್ರಾಂ ಆಲ್ಫಾ ಆಮ್ಲ ಬಿತ್ತು. ಸೂತ್ರದ ಪ್ರಕಾರ ದಕ್ಕುವ ಪಾಲು ಶೇ 23. ಅಂದರೆ ಸುಮಾರು 35 ಐಬಿಯು. ಒಂದು ಗಂಟೆ ಕುದಿಸಿದರೂ ಕಾಲು ಪಾಲು ದಕ್ಕುವುದಿಲ್ಲ ನೋಡಿ. ಅದೇ ಹಾಪ್ಸ್ 10 ನಿಮಿಷವಷ್ಟೇ ಕುದ್ದರೆ 12ರಿಂದ 13 ಐಬಿಯು.

ಈಗ ಇದೇ ಬಿಯರಿಗೆ ಘಮ ಬೇಕೆಂದು, ಒಲೆ ಆರಿಸಿದ ಗಳಿಗೆಯಲ್ಲಿ ಇನ್ನೂ 60 ಗ್ರಾಂ ಹಾಪ್ಸ್ ಸುರಿಯಿರಿ. ಸೂತ್ರದಲ್ಲಿ ನಿಮಿಷದ ಜಾಗಕ್ಕೆ ಸೊನ್ನೆ ಹಾಕಿದರೆ ಉತ್ತರವೂ ಸೊನ್ನೆ. ನಮ್ಮ ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ. ಪಾತ್ರೆಯಲ್ಲಿ ಮಾತ್ರ ವರ್ಟ್ ಇನ್ನೂ 99 ಡಿಗ್ರಿಯಲ್ಲಿದೆ! ಗ್ಯಾಸ್ ನಾಬ್ ತಿರುಗಿಸಿದ್ದು ಅಣುಗಳಿಗೆ ಹೇಗೆ ಗೊತ್ತಾಗಬೇಕು? ಒಲೆ ಆರಿಸಿ ಮುಚ್ಚಿಟ್ಟ ಅನ್ನ ಹಬೆಯಲ್ಲೇ ಅರಳುವ ಹಾಗೆ, ಕಹಿಯೂ ಹುಟ್ಟುತ್ತಲೇ ಇರುತ್ತದೆ.

ಎಷ್ಟು ವೇಗದಲ್ಲಿ ಎಂಬುದಕ್ಕೆ ಒಳ್ಳೆಯ ಅಳತೆ ಇದೆ. ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಮಾಲೊವಿಕಿ ಮತ್ತು ಶೆಲ್‌ಹ್ಯಾಮರ್ ಈ ರೂಪಾಂತರದ ದರವನ್ನು ಬೇರೆಬೇರೆ ಉಷ್ಣತೆಗಳಲ್ಲಿ ಅಳೆದು 2005ರಲ್ಲಿ ಪ್ರಕಟಿಸಿದರು. ಮೊದಲ ದರ್ಜೆಯ ಕ್ರಿಯೆ, ಅರ್ಹೀನಿಯಸ್ ಸಮೀಕರಣಕ್ಕೆ ಚೆನ್ನಾಗಿ ಕೂರುತ್ತದೆ. ಆ ಸಮೀಕರಣಕ್ಕೆ ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಹಾಕಿದರೆ ಸಿಗುವ ಚಿತ್ರ ಹೀಗಿದೆ: 100 ಡಿಗ್ರಿಯಲ್ಲಿನ ವೇಗವನ್ನು ನೂರು ಎಂದುಕೊಂಡರೆ, 90ರಲ್ಲಿ 42, 80ರಲ್ಲಿ 16ರಿಂದ 17, 70ರಲ್ಲಿ ಕೇವಲ 6. ಹತ್ತು ಡಿಗ್ರಿ ಇಳಿದಾಗಲೆಲ್ಲ ಅರ್ಧಕ್ಕಿಂತ ಕೆಳಗೆ.

ಇನ್ನು ಉಳಿದದ್ದು ಇಂಟಿಗ್ರೇಷನ್. ಲೆಕ್ಕ ಸುಲಭವಾಗಲಿ ಎಂದು, ಪಾತ್ರೆ ನಿಮಿಷಕ್ಕೊಂದು ಡಿಗ್ರಿಯಂತೆ 100ರಿಂದ 70ಕ್ಕೆ ಅರ್ಧ ಗಂಟೆಯಲ್ಲಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ನಿಮಿಷದ ವೇಗವನ್ನು ಕೂಡುತ್ತಾ ಹೋಗಬೇಕು. ಸಿಂಪ್ಸನ್ ನಿಯಮ ಸಾಕು, ಎಕ್ಸೆಲ್ ಇದ್ದರೆ ಅದೂ ಬೇಡ. ಒಟ್ಟು ಹತ್ತೂವರೆ ಬರುತ್ತದೆ. ಅಂದರೆ ಒಲೆ ಆರಿದ ಮೇಲಿನ ಆ ಅರ್ಧ ಗಂಟೆ, ಕಹಿಯ ಲೆಕ್ಕದಲ್ಲಿ ಹತ್ತೂವರೆ ನಿಮಿಷದ ಕುದಿತಕ್ಕೆ ಸಮ. ಅದರಲ್ಲೂ ಮೊದಲ ಹತ್ತು ಡಿಗ್ರಿ ಇಳಿಯುವಷ್ಟರಲ್ಲೇ ಆರೂವರೆ ನಿಮಿಷಕ್ಕೂ ಹೆಚ್ಚು ಮುಗಿದಿರುತ್ತದೆ. ಟಿನ್ಸೆತ್ ಸೂತ್ರದಲ್ಲಿ ಸೊನ್ನೆಯ ಬದಲು ಈ ಹತ್ತೂವರೆಯನ್ನು ಹಾಕಿ. ಆ 60 ಗ್ರಾಂ ಹಾಪ್ಸ್ ಸುಮಾರು 26 ಐಬಿಯು ಕೊಡುತ್ತದೆ. ಕಾಗದದ ಮೇಲೆ 35 ಇದ್ದ ಬಿಯರ್ ಲೋಟಕ್ಕೆ ಬರುವಾಗ 60 ದಾಟಿರುತ್ತದೆ.

ಹಾಗಾದರೆ ಇಷ್ಟು ದೊಡ್ಡ ವ್ಯತ್ಯಾಸ ಹಿಂದೆ ಯಾಕೆ ಕಾಡಲಿಲ್ಲ? ನನಗೆ ಇಡೀ ವಿಷಯದಲ್ಲಿ ಅತಿ ಸೊಗಸಾಗಿ ಕಂಡದ್ದು ಇದೇ. ಹಳೆಯ ರೀತಿಯಲ್ಲಿ ಕಹಿಗೆಂದು ಹಾಕುವ ಹಾಪ್ಸ್ ಗಂಟೆ ಮೊದಲೇ ಪಾತ್ರೆಗೆ ಬೀಳುತ್ತಿತ್ತು. 60 ನಿಮಿಷ ಕುದ್ದದ್ದಕ್ಕೆ ಇನ್ನೊಂದು ಹತ್ತೂವರೆ ನಿಮಿಷ ಸೇರಿದರೆ 35 ಇದ್ದದ್ದು 36 ಆಗುತ್ತದೆ, ಅಷ್ಟೇ. ವಕ್ರರೇಖೆ ಅಷ್ಟು ಹೊತ್ತಿಗೆ ಚಪ್ಪಟೆಯಾಗಿರುತ್ತದೆ. ಕೊನೆಗೆ ಹಾಕುತ್ತಿದ್ದುದು ಒಂದು ಚಿಟಿಕೆ. ಆಮೇಲೆ ಘಮವೇ ಮುಖ್ಯವಾದ ಐಪಿಎ ಬಿಯರ್‌ಗಳ ಗೀಳು ಹತ್ತಿತು. ಹಾಪ್ಸ್‌ನ ದೊಡ್ಡ ಪಾಲು ಒಲೆ ಆರಿದ ಮೇಲೆ ಬೀಳತೊಡಗಿತು. ಸೂತ್ರ ಬದಲಾಗಲಿಲ್ಲ, ಜನ ಅದನ್ನು ಬಳಸುವ ಜಾಗ ಬದಲಾಯಿತು. ವಕ್ರರೇಖೆ ಅತಿ ಕಡಿದಾಗಿರುವ ಜಾಗದಲ್ಲಿ ಹೋಗಿ ನಿಂತು, ಉತ್ತರ ಸರಿಯಿಲ್ಲ ಎಂದು ಟಿನ್ಸೆತ್ ಅವರನ್ನು ದೂರುವುದು ನ್ಯಾಯವಲ್ಲ.

ನನ್ನ ಮೇಲಿನ ಲೆಕ್ಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮಾಲೊವಿಕಿ ಮತ್ತು ಶೆಲ್‌ಹ್ಯಾಮರ್ ಅಳೆದದ್ದು 90ರಿಂದ 130 ಡಿಗ್ರಿವರೆಗೆ. ಅದೂ ನಿಜವಾದ ವರ್ಟ್‌ನಲ್ಲಲ್ಲ, ಆಮ್ಲತೆ ಸರಿಹೊಂದಿಸಿದ ನೀರಿನಲ್ಲಿ. 80, 70 ಡಿಗ್ರಿಗಳ ಅಂಕಿಗಳು ರೇಖೆಯನ್ನು ಕೆಳಗೆಳೆದು ಪಡೆದವು. ಅದೃಷ್ಟಕ್ಕೆ ಕಹಿಯ ಮುಕ್ಕಾಲು ಪಾಲು 85 ಡಿಗ್ರಿಗಿಂತ ಮೇಲೇ ಹುಟ್ಟುವುದರಿಂದ ಹೆಚ್ಚು ಹಾನಿಯಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಅವರ ದರದಂತೆ 60 ನಿಮಿಷದ ಕುದಿತದಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಆಮ್ಲ ರೂಪ ಬದಲಿಸುತ್ತದೆ, ಟಿನ್ಸೆತ್ ಪ್ರಕಾರ ಲೋಟಕ್ಕೆ ಬರುವುದು ಶೇ 23. ನಡುವಿನದ್ದು ಗಸಿ, ನೊರೆ, ಯೀಸ್ಟ್‌ಗಳ ಪಾಲು. ಆದ್ದರಿಂದ ಒಬ್ಬರಿಂದ ದರದ ಅನುಪಾತವನ್ನು ಮಾತ್ರ, ಇನ್ನೊಬ್ಬರಿಂದ ಒಟ್ಟು ಪಾಲನ್ನು ತೆಗೆದುಕೊಳ್ಳಬೇಕು. ಎರಡನ್ನೂ ಕಲಸಿದರೆ ನಷ್ಟವನ್ನು ಎರಡು ಸಲ ಕಳೆದಂತೆ ಆದೀತು, ಇಲ್ಲವೇ ಕಳೆಯದೇ ಬಿಟ್ಟಂತೆ.

ಅಳತೆಯ ಯಂತ್ರವೂ ಪೂರ್ತಿ ಸತ್ಯ ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಬಿಯರಿಗೆ ಆಮ್ಲ ಸೇರಿಸಿ, ಐಸೋ ಆಕ್ಟೇನ್‌ನಲ್ಲಿ ಕಹಿ ಅಂಶವನ್ನು ಎಳೆದು, 275 ನ್ಯಾನೋಮೀಟರಿನ ಅತಿನೇರಳೆ ಬೆಳಕು ಎಷ್ಟು ಹೀರಲ್ಪಡುತ್ತದೆ ಎಂದು ನೋಡಿ 50ರಿಂದ ಗುಣಿಸುತ್ತಾರೆ. ಆ ಬೆಳಕನ್ನು ಹೀರುವುದು ಐಸೋ ಆಲ್ಫಾ ಆಮ್ಲ ಒಂದೇ ಅಲ್ಲ. ಗಾಳಿ ತಾಗಿ ಉತ್ಕರ್ಷಣೆಗೊಂಡ ಆಲ್ಫಾ ಆಮ್ಲವೂ ಹೀರುತ್ತದೆ. ಅದರ ಕಹಿ ಕಡಿಮೆ, ಆದರೆ ಅದು ಕುದಿಯದೆಯೂ ಕರಗುತ್ತದೆ. ಹಾಪ್ಸ್ ಹಳೆಯದಾದಷ್ಟೂ ಅದು ಹೆಚ್ಚು. ಕೊನೆಗೆ ರಾಶಿ ಹಾಪ್ಸ್ ಸುರಿದ ಬಿಯರಿನಲ್ಲಿ ಯಂತ್ರದ ಅಂಕಿಗೂ ನಾಲಿಗೆಯ ತೀರ್ಪಿಗೂ ತಾಳೆಯಾಗದಿರಲು ಇದೊಂದು ಕಾರಣ.

ಇಷ್ಟಾದರೂ ಲೆಕ್ಕ ವ್ಯರ್ಥವಲ್ಲ, ಏಕೆಂದರೆ ಕಹಿಯನ್ನು ಹಿಡಿತದಲ್ಲಿಡುವ ಹಿಡಿಕೆ ಯಾವುದು ಎಂದು ಅದು ತೋರಿಸುತ್ತದೆ. ತಾಮ್ರದ ಸುರುಳಿ ಕೊಳವೆಯನ್ನು ಪಾತ್ರೆಗಿಳಿಸಿ ಅದರೊಳಗೆ ತಣ್ಣೀರು ಹರಿಸಿ, 70 ಡಿಗ್ರಿಗೆ ಐದೇ ನಿಮಿಷದಲ್ಲಿ ಇಳಿಸಿದರೆ ಅದೇ 60 ಗ್ರಾಂ ಹಾಪ್ಸ್‌ನ ಕಹಿ 26ರ ಬದಲು 5 ಐಬಿಯು. ಹಾಪ್ಸ್ ಒಂದೇ, ಪಾತ್ರೆ ಒಂದೇ, ಬದಲಾದದ್ದು ತಣಿಸಿದ ವೇಗ. ಕಾರ್ಖಾನೆಯ ಪಾಕವನ್ನು ಮನೆಯಲ್ಲಿ ನಕಲು ಮಾಡುವವರು ಎಡವುವುದೂ ಇಲ್ಲೇ. ಎರಡು ಸಾವಿರ ಲೀಟರಿನ ತೊಟ್ಟಿಗೆ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಕಡಿಮೆ, ಅದು ಬಹಳ ಹೊತ್ತು ಕುದಿಬಿಂದುವಿನ ಹತ್ತಿರವೇ ಇರುತ್ತದೆ. ಮನೆಯ 20 ಲೀಟರಿನ ಪಾತ್ರೆ ಬೇಗ ಆರುತ್ತದೆ. ಅದೇ ಪ್ರಮಾಣದ ಹಾಪ್ಸ್ ಹಾಕಿದರೂ ಅದೇ ಕಹಿ ಬರುವುದಿಲ್ಲ.

ಘಮವಷ್ಟೇ ಬೇಕೆನ್ನುವವರು ಈಗ ವರ್ಟನ್ನು ಮೊದಲು 80 ಡಿಗ್ರಿಗೆ ತಣಿಸಿ, ಆಮೇಲೆ ಹಾಪ್ಸ್ ಹಾಕಿ, 20 ನಿಮಿಷ ಅಲ್ಲೇ ನಿಲ್ಲಿಸುತ್ತಾರೆ. ಮೇಲಿನ ಲೆಕ್ಕದಲ್ಲಿ ಅದು ಮೂರು ನಿಮಿಷ ಚಿಲ್ಲರೆ ಕುದಿಸಿದ್ದಕ್ಕೆ ಸಮ, ಸುಮಾರು 9 ಐಬಿಯು. ಇದಕ್ಕೆ ಬೇಕಾದ ಉಪಕರಣ ಒಂದು ಥರ್ಮಾಮೀಟರ್, ಜೊತೆಗೆ ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಲು ಒಂದು ಹಾಳೆ.